ನೂರಕ್ಕೆ ಆರು

ನಮ್ಮ ಮನೆಯ ಕಾಗದಪತ್ರಗಳೆಲ್ಲ ಒಂದು ಬಿಸ್ಕೀಟಿನ ಡಬ್ಬಿಯಲ್ಲಿವೆ. ರೇಷನ್ ಕಾರ್ಡು, ಜಾತಿ ಸರ್ಟಿಫಿಕೇಟು, ನನ್ನ ಬಿ.ಎ. ಮಾರ್ಕ್ಸ್ ಕಾರ್ಡು, ಸಂಘದ ಸಾಲದ ಪಾಸ್ ಬುಕ್ಕು, ಎಲ್ಲ ಅದರೊಳಗೇ. ನನ್ನ ತಾಯಿಗೆ, ನಮ್ಮ ಕಡೆಯ ಮಾತಿನಲ್ಲಿ ಅಬ್ಬಿಗೆ, ಓದಲು ಬರುವುದಿಲ್ಲ. ಆದರೆ ಕಾಗದ ಅಂದರೆ ಹೆದರಿಕೆ ಉಂಟು. ಹೆದರಿಕೆ ಇರುವುದರಿಂದಲೇ ಅಷ್ಟು ಜೋಪಾನ. ಈ ಸಲ ಮನೆ ತೆರಿಗೆ ಕಟ್ಟಿ ಬಂದವಳು ರಸೀದಿಯನ್ನು ನನ್ನ ಮುಂದೆ ಹಿಡಿದು ಒಂದೊಂದೇ ಸಾಲು ಓದಿಸಿದಳು. ಮನೆ ತೆರಿಗೆ 300 ರೂಪಾಯಿ. ಅದರ ಕೆಳಗೆ ಆರೋಗ್ಯ ಕರ ನೂರಕ್ಕೆ ಹದಿನೈದು, 45. ಶಿಕ್ಷಣ ಕರ ನೂರಕ್ಕೆ ಹತ್ತು, 30. ಗ್ರಂಥಾಲಯ ಕರ ನೂರಕ್ಕೆ ಆರು, 18. ಭಿಕ್ಷುಕರ ಕರ ನೂರಕ್ಕೆ ಮೂರು, 9.

"ಗ್ರಂಥಾಲಯ ಅಂದ್ರೆ ಎಂತದಾ?"

"ಪುಸ್ತಕ ಇಡೂ ಜಾಗ ಅಬ್ಬಿ. ಲೈಬ್ರರಿ."

"ನಂಗ್ ಓದೂಕೆ ಬತ್ತಿಲ್ಲೆ. ನಾನ್ ಯಾಕ್ ದುಡ್ಡ್ ಕೊಡ್ಕ್?"

ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವ ನಾನು, ಒಂದು ಕವನ ಸಂಕಲನ ಬೇರೆ ತಂದವ. ಆದರೂ ಅಬ್ಬಿಯ ಒಂದು ಪ್ರಶ್ನೆಗೆ ಬಾಯಿ ಕಟ್ಟಿತು. ಗೇರುಬೀಜದ ಕಾರ್ಖಾನೆಯಲ್ಲಿ ಬೆಳಿಗ್ಗೆಯಿಂದ ಸಂಜೆಯ ತನಕ ಕೂತು ಬೀಜದ ಸಿಪ್ಪೆ ತೆಗೆಯುವ ಹೆಂಗಸು ಅವಳು. ಕೂಲಿ ಕಿಲೋ ಲೆಕ್ಕದಲ್ಲಿ. ಬೇಡುವವರಿಗಾಗಿ ಕೊಡುವುದರ ಇಮ್ಮಡಿಯನ್ನು ಅವಳು ಪ್ರತಿ ವರ್ಷ ಪುಸ್ತಕಕ್ಕಾಗಿ ಕೊಡುತ್ತಾಳೆ. ಹಾಗಾದರೆ ಆ ಹದಿನೆಂಟು ರೂಪಾಯಿ ಯಾವ ಪುಸ್ತಕವಾಗುತ್ತದೆ? ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ? ಈ ವ್ಯವಹಾರದ ಮೇಜಿನ ಎರಡೂ ಕಡೆ ನಾನು ಕೂತು ಬಂದಿದ್ದೇನೆ. ಅದನ್ನು ಹೇಳಲಿಕ್ಕೇ ಈ ಬರಹ.

ನಮ್ಮ ಊರು ಹಟ್ಟಿಯಂಗಡಿ. ಕುಂದಾಪುರದಿಂದ ತಲ್ಲೂರಿನ ಮೇಲೆ ಬಂದರೆ ಸಿಗುತ್ತದೆ. ವಾರಾಹಿ ಹೊಳೆಯ ದಂಡೆ, ಸಿದ್ಧಿವಿನಾಯಕನ ಗುಡಿ, ಜೈನ ಬಸದಿ, ಆಳುಪ ಅರಸರ ಕಾಲದ ನೆನಪು. ಘಟ್ಟದ ಮೇಲಿನ ಗೆಳೆಯರು ಈ ಹೆಸರು ಕೇಳಿದ ಕೂಡಲೇ ನಗುತ್ತಾರೆ. ಅವರ ಕಡೆ ಹಟ್ಟಿ ಅಂದರೆ ನಮ್ಮವರ ಕೇರಿ. ನಮ್ಮ ಕಡೆ ಹಟ್ಟಿ ಅಂದರೆ ದನ ಕಟ್ಟುವ ಜಾಗ. ಯಾವ ಅರ್ಥ ಹಿಡಿದರೂ ಹೆಸರಿನ ಕೊನೆಗೆ ಅಂಗಡಿ ಅಂತೂ ಉಂಟು. ಆದರೆ ನಾನು ಬೆಳೆಯುವಾಗ ಪುಸ್ತಕದ ಅಂಗಡಿ ಅಂತ ಕಂಡದ್ದು ಕುಂದಾಪುರದಲ್ಲೇ. ಅಲ್ಲಿ ನೋಟ್ಸು, ಗೈಡು, ಪಂಚಾಂಗ ಮುಂದೆ. ಕತೆ ಕವಿತೆ ಹಿಂದೆ, ಮೇಲಿನ ಕಪಾಟಿನಲ್ಲಿ. ಕೇಳಿದರೆ ತೆಗೆದುಕೊಡುತ್ತಾರೆ. ಕೇಳಲು ಕಿಸೆಯಲ್ಲಿ ದುಡ್ಡು ಬೇಕು, ಬಾಯಲ್ಲಿ ಧೈರ್ಯ ಬೇಕು. ಎರಡೂ ಇಲ್ಲದವನಿಗೆ ಉಳಿದದ್ದು ಲೈಬ್ರರಿ ಒಂದೇ.

ಏಳನೇ ಕ್ಲಾಸಿನ ತನಕ ನಾನು ಅಜ್ಜಿಯ ಮನೆಯಲ್ಲಿದ್ದು ಓದಿದೆ. ಆ ಊರಿನ ಹೆಸರು ಇಲ್ಲಿ ಬೇಡ. ಅಲ್ಲಿ ಒಂದು ಕೋಣೆಯ ಲೈಬ್ರರಿ ಇತ್ತು. ಒಂದು ಮೇಜು, ಎರಡು ಬೆಂಚು, ಮೂರು ಕಬ್ಬಿಣದ ಕಪಾಟು. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಗೋಣಿದಾರ ಕಟ್ಟಿದ ಪುಸ್ತಕದ ಕಟ್ಟುಗಳು ಬಂದು ಮೂಲೆಯಲ್ಲಿ ಕೂರುತ್ತಿದ್ದವು. ಬಿಚ್ಚಿದರೆ ಪಿಎಚ್.ಡಿ. ಪ್ರಬಂಧ, ಅಭಿನಂದನ ಗ್ರಂಥ, ಯಾರದೋ ವಿದೇಶ ಪ್ರವಾಸ. ನಾವು ಮಕ್ಕಳು ಚಿತ್ರದ ಪುಸ್ತಕ ಕೇಳಿದರೆ ನೋಡಿಕೊಳ್ಳುತ್ತಿದ್ದವರು ಹೇಳುತ್ತಿದ್ದರು: "ಇದ್ ನಾನ್ ತರ್ಸದ್ದಲ್ಲ ಮಾಣಿ, ಬಂದದ್ದ್."

"ಬಂದದ್ದ್." ಈ ಒಂದು ಮಾತಿನಲ್ಲಿ ಎಲ್ಲ ಇದೆ. ಯಾರು ಕಳಿಸಿದರು, ಯಾಕೆ ಕಳಿಸಿದರು, ಯಾರು ಕೇಳಿದ್ದರು, ಒಂದೂ ಇಲ್ಲ. ಮಳೆ ಬಂದ ಹಾಗೆ ಪುಸ್ತಕ ಬರುತ್ತಿತ್ತು. ಆದರೂ ಸುಳ್ಳು ಹೇಳಬಾರದು. ಅಂಥ ಒಂದು ಕಟ್ಟಿನಲ್ಲೇ ನನಗೆ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಸಿಕ್ಕಿತು. 1975ರ ಸಂಕಲನ, ನಾನು ಹುಟ್ಟುವ ಎಷ್ಟೋ ವರ್ಷ ಮೊದಲಿನದು. ನಮ್ಮ ಜಾತಿಯ ಹೆಸರು ಬೈಗುಳವಾಗದೆ ಪುಸ್ತಕದ ರಟ್ಟಿನ ಮೇಲೆ ಅಚ್ಚಾಗಬಹುದು ಅಂತ ನನಗೆ ಗೊತ್ತಾದದ್ದು ಆ ದಿನ. ನಾನು ಕವಿತೆ ಬರೆಯಲು ತೊಡಗಿದ್ದು ಆಮೇಲೆ. ಹಾಗಾಗಿ ಸರ್ಕಾರ ಪುಸ್ತಕ ಕೊಳ್ಳುವುದೇ ದಂಡ ಅನ್ನುವವರ ಪೈಕಿ ನಾನಲ್ಲ. ಕೊಳ್ಳದೆ ಇದ್ದಿದ್ದರೆ ಆ ಪುಸ್ತಕ ನನ್ನ ಅಜ್ಜಿಯ ಊರಿಗೆ ಬರುತ್ತಿರಲೇ ಇಲ್ಲ.

ಈ ಕೊಳ್ಳುವಿಕೆಗೆ ಒಂದು ಚರಿತ್ರೆ ಉಂಟು. ನಮ್ಮ ದಕ್ಷಿಣ ಕನ್ನಡ 1956ರ ತನಕ ಮದರಾಸಿಗೆ ಸೇರಿತ್ತು. ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು ಮದರಾಸಿನಲ್ಲೇ, 1948ರಲ್ಲಿ. ಅದರ ಹಿಂದೆ ದುಡಿದವರು ಎಸ್.ಆರ್. ರಂಗನಾಥನ್. ಗ್ರಂಥಾಲಯಕ್ಕೆ ಐದು ಸೂತ್ರಗಳಿವೆ ಎಂದು 1931ರಲ್ಲೇ ಬರೆದವರು, ಕೊನೆಗಾಲವನ್ನು ಬೆಂಗಳೂರಿನಲ್ಲಿ ಕಳೆದವರು. ಯಾವ ಓದುಗನೇ ಬರಲಿ, ಅವನಿಗೆ ಬೇಕಾದ ಪುಸ್ತಕ ಅವನಿಗೆ ಸಿಗಲೇಬೇಕು ಅನ್ನುವುದು ಆ ಐದರಲ್ಲಿ ಒಂದು. ನಮ್ಮ ರಾಜ್ಯದ ಕಾಯ್ದೆ 1965ರದ್ದು. ಗ್ರಂಥಾಲಯದ ಹೆಸರಿನಲ್ಲಿ ಕರ ಎತ್ತುವ ಅಧಿಕಾರ ಅದರಿಂದ ಬಂತು. ಅಂದರೆ ಲೈಬ್ರರಿ ಯಾರದೋ ದಾನ ಅಲ್ಲ. ಅದು ನಾವು ಮುಂಗಡ ಕೊಟ್ಟ ದುಡ್ಡು. ಆದರೆ ಜನರಿಂದ ಎತ್ತಿದ ಈ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ಕಟ್ಟದೆ ಬಾಕಿ ಉಳಿಸಿಕೊಂಡ ಸುದ್ದಿ ವರ್ಷ ವರ್ಷವೂ ಪತ್ರಿಕೆಯಲ್ಲಿ ಬರುತ್ತದೆ.

ಕಟ್ಟುಗಳು ಬರುವ ದಾರಿ ಹೀಗೆ. ಗ್ರಂಥಾಲಯ ಇಲಾಖೆ ಕನ್ನಡ ಪುಸ್ತಕಗಳನ್ನು ಸಗಟಾಗಿ ಕೊಳ್ಳುತ್ತದೆ. ಪ್ರಕಾಶಕ ಅರ್ಜಿ ಹಾಕಬೇಕು, ಪ್ರತಿ ಒಪ್ಪಿಸಬೇಕು. ಆಯ್ಕೆ ಸಮಿತಿ ನೋಡಬೇಕು. ಆಯ್ಕೆಯಾದರೆ ಇತ್ತೀಚಿನ ವರ್ಷಗಳಲ್ಲಿ ಒಂದು ಶೀರ್ಷಿಕೆಗೆ 300 ಪ್ರತಿ. ಬೆಲೆ ಪುಸ್ತಕದ ಮೇಲೆ ಅಚ್ಚಾದದ್ದಲ್ಲ, ಪುಟಕ್ಕೆ ಇಷ್ಟು ಪೈಸೆ ಅಂತ ಸರ್ಕಾರ ಗೊತ್ತುಮಾಡಿದ್ದು. ಇದನ್ನು ಅಬ್ಬಿಗೆ ಹೇಳಿದಾಗ ಅವಳಿಗೆ ತಕ್ಷಣ ಅರ್ಥವಾಯಿತು. "ನಮ್ಮ್ ಬೀಜದ ಹಾಂಗೇ ಅಲ್ದಾ" ಅಂದಳು. ಹೌದು, ಹಾಗೇ. ಅವರಿಗೆ ಕಿಲೋ, ನಮಗೆ ಪುಟ. ಆದರೆ ಬೀಜದಲ್ಲಿ ಇಡಿಯದ್ದಕ್ಕೆ ಒಂದು ದರ, ತುಂಡಿಗೆ ಒಂದು ದರ. ಪುಸ್ತಕದಲ್ಲಿ ಒಳ್ಳೆಯ ಪುಟಕ್ಕೂ ಜೊಳ್ಳು ಪುಟಕ್ಕೂ ಒಂದೇ ದರ. ಆಗ ಏನಾಗುತ್ತದೆ? ಅಕ್ಷರ ದಪ್ಪವಾಗುತ್ತದೆ, ಅಂಚು ಅಗಲವಾಗುತ್ತದೆ, ಮುನ್ನುಡಿ ಬೆನ್ನುಡಿ ಉದ್ದವಾಗುತ್ತವೆ. ಮೇಲಾಗಿ ಖರೀದಿ ವರ್ಷಗಟ್ಟಲೆ ಹಿಂದೆ ಬೀಳುತ್ತದೆ ಅಂತ ಪ್ರಕಾಶಕರು ಮತ್ತೆ ಮತ್ತೆ ದೂರಿದ್ದಾರೆ. ತಡೆದುಕೊಳ್ಳುವ ತಾಕತ್ತು ಇದ್ದವನು ಉಳಿಯುತ್ತಾನೆ. ಸಾಲ ಮಾಡಿ ಅಚ್ಚುಹಾಕಿಸಿದವನು ಬಡ್ಡಿ ಕಟ್ಟುತ್ತಾನೆ.

ಇದು ಇಲಾಖೆಯ ದಾರಿ. ಕಾಲೇಜಿನ ದಾರಿ ಬೇರೆ. ಬಿ.ಎ. ಮುಗಿದ ಮೇಲೆ ಒಂದು ಕಾಲೇಜಿನ ಲೈಬ್ರರಿಯಲ್ಲಿ ನನಗೆ ಮೂರು ತಿಂಗಳ ತಾತ್ಕಾಲಿಕ ಕೆಲಸ ಸಿಕ್ಕಿತು, ಜನವರಿಯಿಂದ ಮಾರ್ಚ್ ತನಕ. ಕಾಲೇಜಿನ ಹೆಸರು ಹೇಳುವುದಿಲ್ಲ. ಅನುದಾನ ಬಂದದ್ದು ಫೆಬ್ರವರಿಯಲ್ಲಿ. ಮಾರ್ಚ್ 31ರೊಳಗೆ ಖರ್ಚಾಗಬೇಕು, ಇಲ್ಲದಿದ್ದರೆ ಹಣ ವಾಪಸ್. ಒಂದೊಂದು ವಿಭಾಗದಿಂದಲೂ ಪಟ್ಟಿ ತರಿಸಿದೆವು. ಇರುವ ಪುಸ್ತಕ ಮತ್ತೆ ಬರಬಾರದು ಅಂತ ರಿಜಿಸ್ಟರ್ ನೋಡಿ ತೆಗೆದುಹಾಕಿದೆವು. ಕಡೆಗೆ ಉಳಿದದ್ದು 140 ಶೀರ್ಷಿಕೆ. ಮೂವರು ಪುಸ್ತಕ ವ್ಯಾಪಾರಿಗಳಿಂದ ಕೊಟೇಶನ್ ತರಿಸಿ, ಅದನ್ನೆಲ್ಲ ಒಂದು ಹಾಳೆಯಲ್ಲಿ ಪಕ್ಕ ಪಕ್ಕ ಬರೆದು ಕಮಿಟಿಯ ಮುಂದೆ ಇಡಬೇಕು. ಖರೀದಿ ಒಂದು ಮಿತಿ ದಾಟಿದರೆ ಕೊಟೇಶನ್ ಸಾಲದು, 1999ರ ಪಾರದರ್ಶಕ ಕಾಯ್ದೆಯ ಪ್ರಕಾರ ಟೆಂಡರ್ ಕರೆಯಬೇಕು. ನಮ್ಮದು ಕೊಟೇಶನ್‌ನಲ್ಲೇ ಮುಗಿಯುವಷ್ಟು ಸಣ್ಣದು.

ಹಾಳೆ ಟೈಪ್ ಮಾಡಿದವನು ನಾನೇ. ಒಬ್ಬನದು ನೂರಕ್ಕೆ ಹತ್ತು ರಿಯಾಯಿತಿ, ಎರಡನೆಯವನದು ಇಪ್ಪತ್ತು, ಮೂರನೆಯವನದು ಮೂವತ್ತೈದು. ಮೂವತ್ತೈದರ ಎದುರು ಟಿಕ್ ಬಿತ್ತು. ಸಪ್ಲೈ ಆರ್ಡರಿನಲ್ಲಿ ಷರತ್ತುಗಳನ್ನೂ ಬರೆದೆ: ಹೊಸ ಆವೃತ್ತಿಯೇ ಆಗಬೇಕು, ಮೂವತ್ತು ದಿನದೊಳಗೆ ಬರಬೇಕು, ಹರಿದದ್ದು ಬದಲಿಸಿಕೊಡಬೇಕು, ಸಾಗಾಟದ ಖರ್ಚು ವ್ಯಾಪಾರಿಯದು, ಬಿಲ್ ಮೂರು ಪ್ರತಿ. ಏನೋ ದೊಡ್ಡ ಕೆಲಸ ಮಾಡಿದೆ ಅನ್ನುವ ಹೆಮ್ಮೆ ನನಗೆ. ಸರ್ಕಾರದ ದುಡ್ಡು ಉಳಿಸಿದೆನಲ್ಲ!

ಬಂದದ್ದು 90 ಶೀರ್ಷಿಕೆ. ಉಳಿದ 50ರ ಎದುರು ಔಟ್ ಆಫ್ ಸ್ಟಾಕ್. ಅವುಗಳ ಬದಲು ಗೈಡುಗಳು, ಸ್ಪರ್ಧಾತ್ಮಕ ಪರೀಕ್ಷೆಯ ಡೈಜೆಸ್ಟುಗಳು, ಯಾರೂ ಕೇಳದ ವ್ಯಕ್ತಿತ್ವ ವಿಕಸನಗಳು. ದಿನ ಉಳಿದಿರಲಿಲ್ಲ, ತಗೊಂಡರು. ಬಾರದ ಐವತ್ತರಲ್ಲಿ ಅಂಬೇಡ್ಕರ್ ಅವರ ಬರಹ ಮತ್ತು ಭಾಷಣಗಳ ಕನ್ನಡ ಸಂಪುಟಗಳಿದ್ದವು. ಸಣ್ಣ ಊರಿನ ಸಣ್ಣ ಪ್ರಕಾಶಕರ ಕತೆ ಕವಿತೆಗಳಿದ್ದವು. ಅಂಬೇಡ್ಕರ್ ಸಂಪುಟ ಮಾರುಕಟ್ಟೆಯಲ್ಲಿ ಇಲ್ಲದ್ದಲ್ಲ. ಸರ್ಕಾರವೇ ಅಗ್ಗದ ಬೆಲೆಗೆ ಅಚ್ಚುಹಾಕಿದ್ದು. ಹಾಗಾದರೆ ಯಾಕೆ ಬರಲಿಲ್ಲ?

ಪುಸ್ತಕ ಇಳಿಸಲು ಬಂದಿದ್ದ ವ್ಯಾಪಾರಿಯ ಜನವನ್ನೇ ಕೇಳಿದೆ. ಚಾ ಕುಡಿಯುತ್ತ ಆತ ಬಿಚ್ಚಿ ಹೇಳಿದ. "ನೋಡಿ ಮಾರಾಯ್ರೆ, ಆ ಪುಸ್ತಕಕ್ಕೆ ಬೆಲೆಯೂ ಕಡಿಮೆ, ನಮಗೆ ಸಿಗುವ ಕಮಿಷನ್ನೂ ಕಡಿಮೆ. ನಿಮಗೆ ಮೂವತ್ತೈದು ಎಲ್ಲಿಂದ ತಂದು ಕೊಡುವುದು? ಗೈಡಿಗಾದರೆ ಅಚ್ಚುಹಾಕುವಾಗಲೇ ಬೆಲೆ ಏರಿಸಿರುತ್ತಾರೆ. ನಾನೂರು ಅಂತ ಹಾಕಿ ಅರ್ಧಕ್ಕೆ ಕೊಡುತ್ತಾರೆ. ಅದರಲ್ಲಿ ನಿಮಗೂ ಆಯಿತು, ನಮಗೂ ಆಯಿತು." ಆಮೇಲೆ ತಗ್ಗಿದ ದನಿಯಲ್ಲಿ, "ನೀವು ಬಿಲ್ ಪಾಸ್ ಮಾಡುವುದು ಯಾವಾಗ? ಕೆಲವು ಕಡೆ ವರ್ಷ ಹಿಡಿಯುತ್ತದೆ. ಆ ಬಡ್ಡಿಯೂ ಅದರೊಳಗೇ ಬರಬೇಕಲ್ಲ" ಅಂದ.

ಆತ ಸುಳ್ಳು ಹೇಳಲಿಲ್ಲ, ಮೋಸವನ್ನೂ ಮಾಡಲಿಲ್ಲ. ನಾವು ಕೇಳಿದ್ದು ಪರ್ಸೆಂಟು, ಅವನು ಕೊಟ್ಟದ್ದು ಪರ್ಸೆಂಟು. ನಾವು ಪುಸ್ತಕ ಕೇಳಲೇ ಇಲ್ಲ. ನೂರು ರೂಪಾಯಿಯ ಒಂದು ಪುಸ್ತಕಕ್ಕೆ ನೂರಕ್ಕೆ ಹತ್ತು ಬಿಟ್ಟರೆ ತೊಂಬತ್ತು ಕೊಡುತ್ತೇವೆ, ಓದುವಂಥದ್ದು ಕೈಗೆ ಬರುತ್ತದೆ. ನಾನೂರರ ಗೈಡಿಗೆ ಮೂವತ್ತೈದು ಬಿಟ್ಟರೆ ಇನ್ನೂರ ಅರವತ್ತು ಕೊಡುತ್ತೇವೆ. ಹಾಳೆಯ ಮೇಲೆ ಮಾತ್ರ ನಾವು ನೂರ ನಲವತ್ತು ಉಳಿಸಿದವರು!

ಲೈಬ್ರೇರಿಯನ್ ಸರ್ ಒಳ್ಳೆಯವರು. ನಾನು ಇದನ್ನು ಹೇಳಿದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಗ್ಗದ ಬೆಲೆಯ, ರಿಯಾಯಿತಿ ಇಲ್ಲದ ಪ್ರಕಟಣೆಗಳನ್ನು ಬೇರೆ ಪಟ್ಟಿ ಮಾಡಿ, ಪ್ರಕಾಶಕರಿಂದಲೇ ನೇರ ತರಿಸಬೇಕು, ಆರ್ಡರ್ ಎರಡಾಗಬೇಕು, ಅದೇ ಸರಿಯಾದ ಕ್ರಮ ಅಂದರು. "ಮತ್ತೆ ಯಾಕೆ ಸರ್ ಮಾಡಲಿಲ್ಲ?" ಅಂದೆ. "ಹೆಚ್ಚು ರಿಯಾಯಿತಿ ಕೊಟ್ಟವನನ್ನು ಬಿಟ್ಟದ್ದು ಯಾಕೆ ಅಂತ ಆಡಿಟ್‌ನವರು ಬರೆದರೆ ಉತ್ತರ ಕೊಡಬೇಕಾದವ ನಾನು. ಅವರು ಪುಸ್ತಕ ಓದುವುದಿಲ್ಲ, ಪರ್ಸೆಂಟೇಜ್ ಓದುತ್ತಾರೆ" ಅಂದರು. ಅವರ ರಿಟೈರ್‌ಮೆಂಟಿಗೆ ಎರಡು ವರ್ಷ ಉಳಿದಿತ್ತು. ಅವರನ್ನು ಬೈಯುವ ಮನಸ್ಸು ನನಗಿಲ್ಲ. ಆದರೆ ಅಂಬೇಡ್ಕರ್ ಸಂಪುಟ ಬೇಕೆಂದು ಬರೆದುಕೊಟ್ಟ ಮೇಷ್ಟ್ರ ಕ್ಲಾಸಿನಲ್ಲಿ ಕೂತ ನಮ್ಮ ಹುಡುಗ ಹುಡುಗಿಯರಿಗೆ ಆ ವರ್ಷ ಸಿಕ್ಕಿದ್ದು ವ್ಯಕ್ತಿತ್ವ ವಿಕಸನ. ಅದಕ್ಕೆ ಹಾಳೆ ಟೈಪ್ ಮಾಡಿದವನು ನಾನು.

ಇನ್ನು ಮೇಜಿನ ಆ ಕಡೆಯ ಕತೆ. ಎರಡು ವರ್ಷದ ನಂತರ ನನ್ನ ಸಂಕಲನ ಅಚ್ಚಾಯಿತು. 96 ಪುಟ, 500 ಪ್ರತಿ. ಅಬ್ಬಿ ಸಂಘದಲ್ಲಿ ಸಾಲ ಎತ್ತಿ ಕೊಟ್ಟಳು. ಪ್ರತಿಯೊಂದಕ್ಕೆ ಬಿದ್ದ ಖರ್ಚು 62 ರೂಪಾಯಿ, ಹಾಕಿದ ಬೆಲೆ 120. ಗೆಳೆಯರು, ಮೇಷ್ಟ್ರುಗಳು, ಸಭೆ ಸಮಾರಂಭ ಅಂತ ನೂರೈವತ್ತು ಹೋಯಿತು. ಆಮೇಲೆ ನಿಂತಿತು. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಕತೆ ಕೇಳಿದ್ದೆ. ನಾನೂ ಚೀಲ ಹೆಗಲಿಗೆ ಹಾಕಿ ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಿಂದ ಬಸ್ಸು ಹತ್ತಿ ತಿರುಗಿದೆ. ಕಾಲೇಜುಗಳಲ್ಲಿ ಹೇಳಿದ್ದು ಒಂದೇ ಮಾತು: "ನಾವು ಬಿಡಿಬಿಡಿಯಾಗಿ ತಗೊಳ್ಳುವುದಿಲ್ಲ, ಸಪ್ಲಯರ್ ಮೂಲಕ ಬನ್ನಿ."

ಒಬ್ಬ ಸಪ್ಲಯರ್ ಪುಸ್ತಕ ತಿರುವಿ ನೋಡಿ, "ನೂರಕ್ಕೆ ಅರವತ್ತು ಬಿಟ್ಟುಕೊಡಿ, ಪಟ್ಟಿಗೆ ಸೇರಿಸುತ್ತೇನೆ" ಅಂದ. 120ರಲ್ಲಿ ಅರವತ್ತು ಪರ್ಸೆಂಟು ಹೋದರೆ ನನಗೆ 48. ಪ್ರತಿಯೊಂದಕ್ಕೆ 14 ರೂಪಾಯಿ ಕೈಯಿಂದ ನಷ್ಟ. ನನ್ನ ಮುಖ ಕಂಡು ಅವನೇ ಉಪಾಯ ಹೇಳಿದ. "ಬೆಲೆ 240 ಅಂತ ಸ್ಟಿಕ್ಕರ್ ಹಚ್ಚಿ. ಎಲ್ಲರೂ ಮಾಡುವುದೇ."

ಇಲ್ಲ ಅಂದೆ ಅಂತ ಬರೆದರೆ ಈ ಬರಹಕ್ಕೆ ಚೆಂದ. ಆದರೆ ನಾನು ಇಲ್ಲ ಅನ್ನಲಿಲ್ಲ. ಸಂಘದ ವಾರದ ಕಂತು ತಲೆಯಲ್ಲಿತ್ತು. ಸ್ಟಿಕ್ಕರ್ ಮಾಡಿಸಿ ತಂದು ರಾತ್ರಿ ಕೂತು ಐವತ್ತು ಪ್ರತಿಗೆ ಹಚ್ಚಿದೆ. ಕಾರ್ಖಾನೆಯಿಂದ ಬಂದು ಗಂಜಿ ಉಂಡ ಅಬ್ಬಿ ಪಕ್ಕದಲ್ಲಿ ಕೂತಳು. ಬೀಜದ ಎಣ್ಣೆಯಿಂದ ಕಪ್ಪಾದ ಬೆರಳಿನಿಂದ ಸ್ಟಿಕ್ಕರ್ ಮುಟ್ಟಿ ನೋಡಿ, "ಇದೆಂತದಾ?" ಅಂದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ತೂಕದ ಕಲ್ಲ್ ಹಾಂಗೇ ಆಯ್ತಲ್ದಾ ಮಗಾ."

ಅವಳು ಹಿಂದೆ ದುಡಿಯುತ್ತಿದ್ದ ಒಂದು ಕಡೆ ತೂಕದಲ್ಲಿ ಮೋಸ ಇತ್ತು. ಕಿಲೋ ಸಿಪ್ಪೆ ತೆಗೆದರೆ ಕಿಲೋಗಿಂತ ಕಡಿಮೆ ಅಂತ ಬರೆದುಕೊಳ್ಳುತ್ತಿದ್ದರು. ಹೆಂಗಸರು ಎಷ್ಟೋ ಸಲ ಜಗಳ ಮಾಡಿದ್ದರು. ನಾನು ಅದರ ಮೇಲೆ ಕವಿತೆ ಬರೆದಿದ್ದೆ. ಆ ಕವಿತೆ ಇದೇ ಪುಸ್ತಕದೊಳಗೆ ಇದೆ. ಅದರ ರಟ್ಟಿನ ಮೇಲೆಯೇ ನಾನು ಸುಳ್ಳು ತೂಕ ಹಚ್ಚುತ್ತಾ ಕೂತಿದ್ದೆ.

ಮರುದಿನ ಸ್ಟಿಕ್ಕರ್ ಕಿತ್ತೆ. ಅಂಟು ಹೋಗಲಿಲ್ಲ, ಕಲೆ ಉಳಿಯಿತು. ಆ ಐವತ್ತು ಪ್ರತಿ ಈಗಲೂ ಮನೆಯಲ್ಲಿವೆ. ಸಾಲ ತೀರಿದ್ದು ಪುಸ್ತಕದಿಂದಲ್ಲ, ಅಬ್ಬಿಯ ಬೀಜದಿಂದ.

ರಿಯಾಯಿತಿಯೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದಕ್ಕೊಂದು ಮಿತಿ ಬೇಕು. ನಮ್ಮ ದೇಶದಲ್ಲೂ ಪ್ರಕಾಶಕರ ಮತ್ತು ವ್ಯಾಪಾರಿಗಳ ಒಕ್ಕೂಟದ ಗುಡ್ ಆಫೀಸಸ್ ಕಮಿಟಿ ಗ್ರಂಥಾಲಯಗಳಿಗೆ ನೂರಕ್ಕೆ ಹತ್ತು ಅಂತ ಒಂದು ವಾಡಿಕೆ ಇಟ್ಟಿತ್ತು. ಅದು ಕಾನೂನಲ್ಲ, ಬರೀ ವಾಡಿಕೆ. ಪೈಪೋಟಿಯ ಮುಂದೆ ಸಡಿಲಾಯಿತು. ಬ್ರಿಟನ್ನಿನಲ್ಲಿ 1900ರಿಂದ ಅಚ್ಚಾದ ಬೆಲೆಗಿಂತ ಕಡಿಮೆಗೆ ಪುಸ್ತಕ ಮಾರಬಾರದು ಅನ್ನುವ ಒಪ್ಪಂದ ಇತ್ತು. 1929ರಲ್ಲಿ ಗ್ರಂಥಾಲಯಗಳಿಗೆ ಮಾತ್ರ ನೂರಕ್ಕೆ ಹತ್ತು ಬಿಡಲು ಒಪ್ಪಿದರು. ಆ ಒಪ್ಪಂದ 1995ರಲ್ಲಿ ಮುರಿದುಬಿತ್ತು. ಫ್ರಾನ್ಸಿನಲ್ಲಿ 2003ರ ಕಾನೂನು ಗ್ರಂಥಾಲಯಕ್ಕೆ ಕೊಡುವ ರಿಯಾಯಿತಿ ನೂರಕ್ಕೆ ಒಂಬತ್ತು ದಾಟಬಾರದು ಅನ್ನುತ್ತದೆ. ಅಷ್ಟೇ ಅಲ್ಲ, ಪುಸ್ತಕ ಒದಗಿಸಿದವನು ಬೆಲೆಯ ನೂರಕ್ಕೆ ಆರನ್ನು ಲೇಖಕರಿಗೂ ಪ್ರಕಾಶಕರಿಗೂ ಸೇರುವ ಹಾಗೆ ಕಟ್ಟಬೇಕು, ಪುಸ್ತಕ ಎರವಲು ಹೋಗುವುದಕ್ಕೆ ಪ್ರತಿಯಾಗಿ. ಅಲ್ಲೂ ಆರು! ಇದನ್ನು ಓದಿದ ದಿನ ನನಗೆ ಅಬ್ಬಿಯ ರಸೀದಿ ನೆನಪಾಯಿತು. ಅಲ್ಲಿ ಆರು ಬರೆದವನಿಗೆ ಹೋಗುತ್ತದೆ. ಇಲ್ಲಿ ಆರು ಓದಲು ಬಾರದವಳ ಕೈಯಿಂದ ಹೋಗುತ್ತದೆ, ಆಮೇಲೆ ಯಾರಿಗೆ ಅಂತ ಅವಳಿಗೆ ಯಾರೂ ಹೇಳುವುದಿಲ್ಲ.

ಗೆಳೆಯರೆ, ನಾವು ಕವಿತೆಯಲ್ಲಿ ವ್ಯವಸ್ಥೆಯನ್ನು ಬೈಯುತ್ತೇವೆ. ಆ ವ್ಯವಸ್ಥೆ ಒಂದು ಹಾಳೆಯ ಮೇಲೆ ಮೂರು ಕೊಟೇಶನ್ನಾಗಿ ಬಂದಾಗ ಅದನ್ನು ಓದಲು ನಮಗೆ ಬರುವುದಿಲ್ಲ. ನಮ್ಮ ಪಕ್ಕದ ಕೋಟದ ಶಿವರಾಮ ಕಾರಂತರ 'ಚೋಮನ ದುಡಿ' 1933ರದ್ದು. ನಾನು ಹೋದ ಲೈಬ್ರರಿಗಳಲ್ಲೆಲ್ಲ ಅದು ಇದೆ, ಇರಬೇಕು. ಆದರೆ ಚೋಮನ ಮೊಮ್ಮಕ್ಕಳು ಬಂದು ನಮಗೆ ಈ ಪುಸ್ತಕ ಬೇಕು ಅಂತ ಬರೆದ ಒಂದು ಸಾಲು ಯಾವ ರಿಜಿಸ್ಟರಿನಲ್ಲಿದೆ? ಪಂಚಾಯತಿ ಲೈಬ್ರರಿಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅರಿವು ಕೇಂದ್ರ ಅನ್ನುತ್ತಾರೆ. ಅಂದರೆ ಲೈಬ್ರರಿಯ ಮಾತು ಈಗ ಗ್ರಾಮಸಭೆಯಲ್ಲಿ ಆಡಬಹುದಾದ ಮಾತು. ಕರ ಎಷ್ಟು ಬಂತು, ಎಷ್ಟರ ಪುಸ್ತಕ ಬಂತು, ಯಾವ ದರಕ್ಕೆ, ಪಟ್ಟಿ ಮಾಡಿದವರು ಯಾರು ಅಂತ ಎದ್ದು ನಿಂತು ಕೇಳಬಹುದು. ರಸ್ತೆ ಕೇಳುತ್ತೇವೆ, ನೀರು ಕೇಳುತ್ತೇವೆ. ಪುಸ್ತಕದ ಪಟ್ಟಿಯನ್ನು ಕೇಳಿದ್ದೇವೆಯೇ?

ಇದನ್ನೆಲ್ಲ ನಾನು ಅಬ್ಬಿಗೆ ಹೇಳಿದೆ. ಅವಳ ಪ್ರಶ್ನೆಗೆ ಉತ್ತರ ಕೊಡಲು ನನಗೆ ಇಷ್ಟು ದಿನ ಬೇಕಾಯಿತು. "ನಿನ್ನ ದುಡ್ಡು ಅಬ್ಬಿ. ನಿಂಗೆ ಎಂತ ಪುಸ್ತಕ ಬೇಕ್ ಹೇಳ್" ಅಂದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

"ಬೀಜದ ಕಾರ್ಖಾನೆಯಂಗ್ ಕೂಲಿ ಇಷ್ಟೇ ಕೊಡ್ಕ್ ಅಂತ ಸರ್ಕಾರದವ್ರ್ ಬರ್ದದ್ದ್ ಇತ್ತಂಬ್ರಲೇ. ಆ ಪುಸ್ತಕ ಇತ್ತಾ ಅಲ್ಲಿ? ನೀ ಓದಿ ಹೇಳ್, ನಾ ಕೇಂತೆ."

ಉಂಟು. ಗೇರುಬೀಜದ ಕೆಲಸಕ್ಕೆ ಕನಿಷ್ಠ ಕೂಲಿ ಎಷ್ಟೆಂದು ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸುತ್ತದೆ. ಕೆಲವೇ ಹಾಳೆಯದು. ಅದರ ಮೇಲೆ ಬೆಲೆ ಇಲ್ಲ, ಹಾಗಾಗಿ ಕಮಿಷನ್ ಇಲ್ಲ. ಯಾವ ಸಪ್ಲಯರಿನ ಪಟ್ಟಿಯಲ್ಲೂ ಬರುವುದಿಲ್ಲ. ಯಾವ ಕಟ್ಟಿನೊಳಗೂ ಅದು "ಬಂದದ್ದ್" ಆಗುವುದಿಲ್ಲ. ಯಾರಾದರೂ ಕೇಳಿದರೆ ಮಾತ್ರ ಬರುತ್ತದೆ.

ಹೋದ ವಾರ ಅಬ್ಬಿಯನ್ನು ಕರೆದುಕೊಂಡು ಲೈಬ್ರರಿಗೆ ಹೋದೆ. ಅವಳು ಅದರ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಚಪ್ಪಲಿ ಹೊರಗೆ ಬಿಟ್ಟಳು. ಬಿಡಬೇಕಾಗಿಲ್ಲ ಅಂತ ಅಲ್ಲಿದ್ದವರು ಹೇಳಿದರೂ ಬಿಟ್ಟಳು. ಒಂದು ನೋಟ್ ಬುಕ್ಕಿನಲ್ಲಿ ಗೀಟು ಎಳೆದು ನಾನೇ ಬರೆದೆ. ಬೇಕಾದ ಪುಸ್ತಕ: ಗೇರುಬೀಜ ಕಾರ್ಮಿಕರ ಕನಿಷ್ಠ ಕೂಲಿಯ ಅಧಿಸೂಚನೆ. ಬರೆದವರು: ಕರ್ನಾಟಕ ಸರ್ಕಾರ. ಬೆಲೆ: ಇಲ್ಲ. ಕೇಳಿದವರು ಅನ್ನುವ ಜಾಗವನ್ನು ಖಾಲಿ ಬಿಟ್ಟು ಪೆನ್ನು ಅವಳ ಕೈಗೆ ಕೊಟ್ಟೆ. ಸಾಲಕ್ಕೆ ಸಹಿ ಬೇಕು ಅಂತ ಸಂಘದಲ್ಲಿ ಕಲಿಸಿದ ಮೂರು ಅಕ್ಷರ ಅವಳಿಗೆ ಗೊತ್ತು. ಒಂದೊಂದನ್ನೇ ಒತ್ತಿ ಒತ್ತಿ ಬರೆದಳು. ಸಾಲದ ಕಾಗದ ಅಲ್ಲದ ಒಂದು ಕಾಗದಕ್ಕೆ ಅವಳು ಸಹಿ ಹಾಕಿದ್ದನ್ನು ನಾನು ಕಂಡದ್ದು ಅದೇ ಮೊದಲು.